ಗಂಜಿಯ ಪಾತೇಲಿ, ಅಂಟಿನ ಪಾತೇಲಿ

ನಾನು ಚಿಕ್ಕವನಿದ್ದಾಗ, ಒಂದು ಶನಿವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ನಮ್ಮ ಮನೆಯಲ್ಲಿ ಒಂದು ಚಮಚ ಪಾತೇಲಿಯೊಳಗೆ ಇಳಿಯಿತು. ಎಲ್ಲ ಕೆಟ್ಟದ್ದೂ ಅಲ್ಲಿಂದ ಶುರುವಾಯಿತು. ಆಗ ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಆದರೂ ಹೊತ್ತನ್ನು ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ನಾಲ್ಕಕ್ಕೆ ಸರಿಯಾಗಿ ಕಾರ್ಖಾನೆಯ ಭೋಂಗಾ ಕೂಗುತ್ತಿತ್ತು. ಅದು ಕೂಗಿದಾಗ ಅಕ್ಕ ನಳದ ಮುಂದೆ ಸರದಿಯಲ್ಲಿ ನಿಂತಿದ್ದಳು. ಕೊಡ ತುಂಬಿಸಿಕೊಂಡು, ಕೆಸರಿನಲ್ಲಿ ಜಾರದಂತೆ ನಡೆದು ಮನೆ ಮುಟ್ಟಲು ಅವಳಿಗೆ ಹತ್ತು ನಿಮಿಷ ಬೇಕಾಗುತ್ತಿತ್ತು. ನಲವತ್ತು ವರ್ಷ ದಾಟಿದ ಮೇಲೂ ನಾನು ಆ ಹತ್ತು ನಿಮಿಷವನ್ನು ಒಂದೊಂದಾಗಿ ಎಣಿಸುತ್ತೇನೆ. ಅಷ್ಟರಲ್ಲಿ ಒಮ್ಮೆ ಒಳಗೆ ಹೋಗಿದ್ದರೆ ಸಾಕಿತ್ತು.

ನಾವಾಗ ಗೋವಾದ ಮಡ್ಕಯಿಯಲ್ಲಿದ್ದೆವು. ವಿಜಾಪುರದ ಕಡೆಯಿಂದ ದುಡಿಯಲು ಬಂದವರ ಹತ್ತಿಪ್ಪತ್ತು ಮನೆಗಳು ಕಾರ್ಖಾನೆಗಳ ಗೋಡೆಯ ಹಿಂದೆ, ಗೇರು ಮರಗಳ ನಡುವೆ ಇದ್ದವು. ನಮ್ಮದು ತಗಡಿನ ಗೋಡೆಯ ಒಂದೇ ಕೋಣೆ. ಮೇಲೆ ಗಳ ಕಟ್ಟಿ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ್ದರು. ಹಗಲಿನ ಬೆಳಕು ಆ ತಾಡಪತ್ರಿಯನ್ನು ತೂರಿಕೊಂಡೇ ಒಳಗೆ ಇಳಿಯಬೇಕಿತ್ತು. ಹಾಗಾಗಿ ನಮ್ಮ ಮನೆಯೊಳಗೆ ಅನ್ನವೂ ನೀಲಿ, ಹಾಲೂ ನೀಲಿ, ಒಬ್ಬರ ಮುಖ ಒಬ್ಬರಿಗೆ ನೀಲಿ. ಹೊರಗೆ ಬಂದಾಗಲೇ ವಸ್ತುಗಳಿಗೆ ಅವುಗಳ ನಿಜವಾದ ಬಣ್ಣ ಬರುತ್ತಿತ್ತು. ಈ ಮಾತು ನೆನಪಿರಲಿ ಮಕ್ಕಳೇ, ಮುಂದೆ ಬೇಕಾಗುತ್ತದೆ.

ಅಪ್ಪ ಒಂದು ಗೋದಾಮಿನಲ್ಲಿ ಔಷಧದ ಗಾಜಿನ ಸೀಸೆಗಳ ಪೆಟ್ಟಿಗೆ ಇಳಿಸುವ ಕೆಲಸ ಮಾಡುತ್ತಿದ್ದ. ಅವ್ವ ಕಟ್ಟಡದ ಕೆಲಸಕ್ಕೆ ಹೋಗಿ ಉಸುಕು, ಸಿಮೆಂಟು ಹೊರುತ್ತಿದ್ದಳು. ಅಕ್ಕನಿಗೆ ಹದಿಮೂರು, ನನಗೆ ಹತ್ತು, ತಂಗಿಗೆ ಮೂರು ವರ್ಷ. ತಂಗಿಯನ್ನು ನೋಡಿಕೊಳ್ಳಲು ಅಕ್ಕ ಶಾಲೆ ಬಿಟ್ಟಿದ್ದಳು. ಸೀಸೆಗಳು ಒಂದಕ್ಕೊಂದು ತಾಗಿ ಒಡೆಯದಿರಲೆಂದು ಅವಕ್ಕೆ ತೆಳುವಾದ ಬಿಳಿ ಕಾಗದ ಸುತ್ತಿರುತ್ತಿದ್ದರು. ಪೆಟ್ಟಿಗೆ ಬಿಚ್ಚಿದ ಮೇಲೆ ಎಸೆಯುವ ಆ ಕಾಗದವನ್ನು ಅಪ್ಪ ಕೇಳಿ ತರುತ್ತಿದ್ದ. ಅಂಗಿಯೊಳಗೆ ಎದೆಗೆ ಒತ್ತಿ ಇಟ್ಟುಕೊಂಡು ಬರುತ್ತಿದ್ದುದರಿಂದ ಅದಕ್ಕೆ ಒಣಹುಲ್ಲಿನ ವಾಸನೆಯೂ ಅಪ್ಪನ ಬೆವರಿನ ವಾಸನೆಯೂ ಇರುತ್ತಿತ್ತು.

ಆ ವರ್ಷ ಶಾಲೆಯಲ್ಲಿ ನಮ್ಮ ಬಾಯಿ ಕಾಗದ ಮಡಚಿ ಕೊಕ್ಕರೆ ಮಾಡುವುದನ್ನು ಕಲಿಸಿದ್ದರು. ಬಾಯಿ ಅಂದರೆ ಟೀಚರು. ಕತ್ತರಿ ಇಲ್ಲ, ಸೂಜಿ ಇಲ್ಲ, ಒಂದು ಚೌಕ ಕಾಗದ ಮತ್ತು ಹತ್ತು ಬೆರಳು, ಅಷ್ಟೇ. ಸರಸ್ವತಿ ಪೂಜೆಗೆ ದೇವಿಯ ಮಖರದ ಮೇಲೆ, ಅಂದರೆ ಮೂರ್ತಿಯ ಸುತ್ತ ಕಟ್ಟುವ ಅಲಂಕಾರದ ಮಂಟಪದ ಮೇಲೆ, ಇಪ್ಪತ್ತೊಂದು ಕೊಕ್ಕರೆಗಳ ಮಾಲೆ ತೂಗುಬಿಡಬೇಕು, ಯಾರು ತರುತ್ತೀರಿ ಎಂದು ಬಾಯಿ ಕೇಳಿದರು. ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ಹಿಂದಿನ ಬೆಂಚಿನಿಂದ ಯಾರೋ, “ಘಾಟಿ ತರತಾನಂತೆ ನೋಡು” ಎಂದರು. ಘಟ್ಟದ ಮೇಲಿನಿಂದ ಬಂದ ನಮ್ಮನ್ನು ಹಾಗೆ ಕರೆಯುವುದು ಅಲ್ಲಿನ ರೂಢಿ. ನಾನು ಎತ್ತಿದ ಕೈ ಇಳಿಸಲಿಲ್ಲ.

ನಾನು ಕಲಿತದ್ದನ್ನು ಅಕ್ಕನಿಗೆ ತೋರಿಸಿದೆ. ಅವಳು ಒಮ್ಮೆ ನೋಡಿದಳು, ನನ್ನ ಕೊಕ್ಕರೆಯನ್ನು ಅಂಗೈಯಲ್ಲಿ ತಿರುಗಿಸಿದಳು.

“ಇದು ಕೊಕ್ಕರಿ ಅಲ್ಲೋ. ಮಳ್ಯಾಗ ತೊಯ್ದ ಕೋಳಿ.”

ಅವಳು ಮಾಡಿದ್ದು ಕೊಕ್ಕರೆಯೇ ಆಗಿತ್ತು. ಅವಳ ಬೆರಳುಗಳಿಗೆ ಶಾಲೆ ಬಿಟ್ಟದ್ದು ಗೊತ್ತೇ ಇರಲಿಲ್ಲ. ಆದರೆ ಅವಳ ಕೊಕ್ಕರೆಯೂ ಅರ್ಧ ತಾಸಿನಲ್ಲಿ ಕತ್ತು ಬಾಗಿಸಿ, ರೆಕ್ಕೆ ಇಳಿಬಿಟ್ಟು ಮಲಗಿತು. ಗೋವಾದ ಮಳೆಗಾಲದಲ್ಲಿ ಉಪ್ಪು ನೀರಾಗುತ್ತದೆ, ಕಡ್ಡಿಪೆಟ್ಟಿಗೆ ಹೊತ್ತುವುದಿಲ್ಲ, ಕಾಗದ ಒದ್ದೆ ಅರಿವೆಯ ಹಾಗೆ ಜೋತುಬೀಳುತ್ತದೆ. ಮಡಿಕೆ ನಿಲ್ಲಬೇಕಾದರೆ ಕಾಗದಕ್ಕೆ ಜೀವ ಬರಬೇಕು. ಅದಕ್ಕೆ ಅಂಟು ಬಳಿದು ಒಣಗಿಸಬೇಕು ಎಂದು ಬಾಯಿ ಹೇಳಿದರು. ಆದರೆ ಎಂಥ ಅಂಟು ಎಂದು ಹೇಳಲಿಲ್ಲ. ಹುಡುಕುವುದು ನನ್ನ ಪಾಲಿಗೆ ಬಂತು.

ಮೊದಲು ಅನ್ನದ ಅಗಳು ತಿಕ್ಕಿದೆ. ಕಾಗದದ ಮೇಲೆ ಗಂಟುಗಂಟಾಯಿತು. ಗೇರು ಮರದ ತೊಗಟೆಯಿಂದ ಜೇನಿನ ಬಣ್ಣದ ಗೋಂದು ಕಿತ್ತು ನೆನೆಹಾಕಿದೆ. ಅದು ಕಾಗದವನ್ನು ಕಂದು ಮಾಡಿತು, ಬೆರಳಿಗೆ ಎರಡು ದಿನ ಅಂಟಿಕೊಂಡಿತು. ಕೊನೆಗೆ ಪಕ್ಕದ ಮನೆಯ ಚಾಚಿ ಒಂದು ವಾಟಗ ಮೈದಾ ಕೊಟ್ಟರು. ಚಾಚಾ ಅವರದು ಬಾಡಿಗೆ ಟೆಂಪೊ. ಅವರೂ ನಮ್ಮ ಕಡೆಯವರೇ, ಬಾಗೇವಾಡಿ ಸೀಮೆಯವರು. “ತಿನ್ನೂ ಹಿಟ್ಟ ಹಾಳಿಗೆ ಬಡೀತಾನ, ಹುಚ್ಚ,” ಎಂದು ಬೈಯುತ್ತಲೇ ಚಾಚಿ ವಾಟಗ ತುಂಬಿಸಿದರು.

ಮೈದಾ ಸರಿಹೋಯಿತು. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುಗಿಸುತ್ತ ಕುದಿಸಬೇಕು. ಮೊದಲು ಹಾಲಿನಂತಿದ್ದದ್ದು ಒಮ್ಮೆಲೇ ದಪ್ಪವಾಗಿ, ಗುಳ್ಳೆ ಬಿಡುತ್ತ, ಹೊಳೆಯತೊಡಗುತ್ತದೆ. ಎರಡು ತೆಳು ಹಾಳೆಗಳ ನಡುವೆ ಅದನ್ನು ಬಟ್ಟೆಯ ಉಂಡೆಯಿಂದ ಹಚ್ಚಿ, ಮೇಲೆಯೂ ಒಂದು ಕೈ ಬಳಿದು, ಮನೆಯ ಹಿಂದಿನ ತಗಡಿನ ಗೋಡೆಗೆ ಸೂರಿನ ಕೆಳಗೆ ಮೆತ್ತುತ್ತಿದ್ದೆ. ಒಳಗಿನ ಒಲೆಯ ಕಾವಿಗೆ ತಗಡು ಬೆಚ್ಚಗಿರುತ್ತಿತ್ತು. ಒಣಗಿದ ಹಾಳೆ ಮೂಲೆಯಿಂದ ತಾನೇ ಬಿಟ್ಟುಕೊಂಡು ಬರುತ್ತಿತ್ತು. ಬೆರಳಿನಿಂದ ತಟ್ಟಿದರೆ ಹಪ್ಪಳದ ಸದ್ದು. ಅದರಲ್ಲಿ ಅಕ್ಕ ಮಡಚಿದ ಕೊಕ್ಕರೆ ನೆಟ್ಟಗೆ ನಿಂತಿತು. ತಂಗಿ ಅದನ್ನು ಹಿಡಿದುಕೊಂಡು ಮನೆಯೆಲ್ಲ ಹಾರಿಸಿದಳು.

ಒಂಬತ್ತು ಕೊಕ್ಕರೆಗಳಾದವು. ದಾರಕ್ಕೆ ಪೋಣಿಸಿ ಗಳಕ್ಕೆ ಕಟ್ಟಿ ಮಲಗಿದೆವು. ಬೆಳಗಾದಾಗ ಒಂದಕ್ಕೂ ಕತ್ತು ಇರಲಿಲ್ಲ. ಮೈದಾದ ರುಚಿ ಜಿರಲೆಗಳಿಗೆ ಸಿಕ್ಕಿತ್ತು. ರೆಕ್ಕೆಗಳ ಅಂಚನ್ನು ಕೂಡ ಬಿಡದೆ ತಿಂದಿದ್ದವು. ಪೂಜೆಗೆ ಐದೇ ದಿನ ಉಳಿದಿತ್ತು.

ಊರಿನ ದೇವಸ್ಥಾನದ ಹಿಂದೆ ಕಾಗದದ ಮಖರ ಮಾಡುವ ಒಬ್ಬ ಅಜ್ಜ ಇದ್ದರು. ಅವರ ಪಡಸಾಲೆಯಲ್ಲಿ ಹಳೆಯ ಮಖರಗಳು ವರ್ಷಗಟ್ಟಲೆ ತೂಗುತ್ತಿದ್ದರೂ ಒಂದಕ್ಕೂ ಹುಳ ಬಿದ್ದಿರಲಿಲ್ಲ. ಯಾಕೆ ಎಂದು ಕೇಳಿದೆ. ಅಜ್ಜ ಒಂದು ಡಬ್ಬಿ ತೆರೆದರು. ಒಳಗೆ ಕಡುನೀಲಿ ಹರಳುಗಳು, ಕಲ್ಲುಸಕ್ಕರೆಯನ್ನು ನೀಲಿಯಲ್ಲಿ ಅದ್ದಿದಂತೆ. ಅದೇ ಮೈಲುತುತ್ತ. ಅಂಟು ಕುದಿಯುವಾಗ ಸಾಸಿವೆಯಷ್ಟು ಹಾಕಿದರೆ ಹುಳ ಮುಟ್ಟುವುದಿಲ್ಲ ಎಂದರು. ನನ್ನ ಕೈಗೆ ಒಂದು ಚೂರು ಇಟ್ಟು, “ಇಲ್ಲೆಶೆಂ ಬಾಳಾ, ಇಲ್ಲೆಶೆಂ,” ಎಂದರು. ತುಸುವೇ ಮಗು, ತುಸುವೇ ಎಂದು ಅರ್ಥ. ಆಮೇಲೆ ಕೈ ತೊಳೆಯುವಂತೆ, ಬಾಯಿಗೆ ಹೋಗದಂತೆ ಅಭಿನಯಿಸಿ ತೋರಿಸಿದರು. ಕತ್ತಿನ ಮೇಲೆ ಬೆರಳು ಎಳೆದು ಕಣ್ಣು ಮುಚ್ಚಿದರು. ನನಗೆ ಎಲ್ಲವೂ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ನಾನು ಇವತ್ತಿಗೂ ಹೇಳಲಾರೆ.

ಆದರೆ ಅವರು ಬಿದಿರು ಸೀಳಲು ಆ ಕಡೆ ತಿರುಗಿದಾಗ ನಾನು ಡಬ್ಬಿಯಿಂದ ಇನ್ನೊಂದು ಹರಳು ಎತ್ತಿಕೊಂಡೆ. ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟಿತ್ತು. ನಮ್ಮ ಮನೆಯ ಜಿರಲೆಗಳಿಗೆ ಸಾಸಿವೆಯಷ್ಟು ಎಲ್ಲಿ ಸಾಕು ಎಂದು ನನ್ನ ಲೆಕ್ಕ.

ಶನಿವಾರ ಬಂತು. ತಂಗಿಗೆ ಎರಡು ದಿನದಿಂದ ಜ್ವರ. ನಮ್ಮ ಮಂದಿಯ ರೂಢಿಯಂತೆ ಅವ್ವ ಜೋಳದ ಹಿಟ್ಟಿನ ಗಂಜಿ ಕಾಯಿಸಿದ್ದಳು. ಗೋವಾದವರ ಮನೆಯಾಗಿದ್ದರೆ ಅಕ್ಕಿಯ ಪೇಜ್ ಇರುತ್ತಿತ್ತು, ಅದರಲ್ಲಿ ಅಗಳು ಕಾಣುತ್ತವೆ. ನಮ್ಮದು ನುಣ್ಣನೆಯ ಬಿಳಿ ಗಂಜಿ, ನೋಡಲು ಮೈದಾದ ಅಂಟಿನಂತೆಯೇ. ನಮ್ಮಲ್ಲಿದ್ದ ಜರ್ಮನ್, ಅಂದರೆ ಅಲ್ಯುಮಿನಿಯಂ, ಪಾತೇಲಿಗಳೂ ಎರಡೇ, ಎರಡೂ ಒಂದೇ ಅಳತೆಯವು, ಎರಡಕ್ಕೂ ಒಂದೇ ಥರದ ತಾಟಿನ ಮುಚ್ಚಳ.

ಕೆಲಸಕ್ಕೆ ಹೊರಡುವಾಗ ಅವ್ವ ಅಕ್ಕನಿಗೆ ಹೇಳಿದಳು. “ಗಂಜಿ ಒಲಿ ಬಾಜೂಕ ಇಟ್ಟೇನಿ. ಸಂಜಿಮುಂದ ಬೆಲ್ಲಾ ಕಲಿಸಿ ಕುಡಸು. ಒಲ್ಲೆ ಅಂದ್ರ ಬಿಡಬ್ಯಾಡ. ಎರಡ ದಿನ ಆತು, ಹೊಟ್ಯಾಗ ಏನೂ ಇಲ್ಲ ಅದಕ್ಕ.”

ಅರ್ಧ ದಿನದ ಶಾಲೆ ಮುಗಿಸಿ ಬಂದು ನಾನು ಅಂಟು ಕಾಯಿಸಿದೆ. ಹರಳನ್ನು ಕಲ್ಲಿನಿಂದ ಜಜ್ಜಿ ಹಾಕಿದೆ. ಅದು ಕರಗಿತು. ಬಣ್ಣ ಬದಲಾಯಿತೇ ಎಂದು ಬಗ್ಗಿ ನೋಡಿದೆ. ನೀಲಿ ಮನೆಯೊಳಗೆ ಏನು ತಿಳಿಯಬೇಕು? ತಣ್ಣಗಾದರೆ ಅಂಟಿನ ಮೇಲೆ ಕೆನೆ ಕಟ್ಟಿ ಹಾಳೆಗೆ ಹತ್ತುವುದಿಲ್ಲ. ಅದಕ್ಕೆ ಬೆಚ್ಚಗಿರಲೆಂದು ಅದನ್ನು ಒಲೆಯ ಪಕ್ಕ ಇಡಬೇಕಿತ್ತು. ಅಲ್ಲಿ ಗಂಜಿಯ ಪಾತೇಲಿ ಇತ್ತು. ಅದನ್ನು ಎತ್ತಿ ಮೂಲೆಯ ಹಲಗೆಯ ಮೇಲೆ ಇಟ್ಟೆ. ಅಂಟಿನ ಪಾತೇಲಿಯನ್ನು ಅದರ ಜಾಗಕ್ಕೆ ಸರಿಸಿ, ಮೇಲೆ ತಾಟು ಮುಚ್ಚಿದೆ. ಒಂದು ಕರಟದಲ್ಲಿ ಸ್ವಲ್ಪ ಅಂಟು ತೋಡಿಕೊಂಡು ಹಾಳೆ ಮೆತ್ತಲು ಹಿತ್ತಲಿಗೆ ಹೋದೆ. ತಂಗಿ ಮಲಗಿದ್ದಳು. ಅಕ್ಕ ನೀರಿಗೆ ಹೋಗಿದ್ದಳು. ನಾನು ಯಾರಿಗೂ ಏನೂ ಹೇಳಲಿಲ್ಲ.

ಭೋಂಗಾ ಕೂಗಿತು. ಸ್ವಲ್ಪ ಹೊತ್ತಿಗೆ ಕೊಡ ಇಳಿಸಿದ ಸದ್ದು ಕೇಳಿತು. ಆಮೇಲೆ ತಗಡಿನ ಆಚೆಯಿಂದ ತಾಟು ಸರಿಸಿದ ಸದ್ದು, ಬೆಲ್ಲ ಕುಟ್ಟಿದ ಸದ್ದು, ಚಮಚದ ಸದ್ದು. ತಂಗಿ ಅಳುತ್ತಿದ್ದಳು. “ಒಲ್ಲೆ ಅಕ್ಕಾ, ಕಹಿ ಐತಿ.”

“ಜ್ವರಕ್ಕ ಬಾಯಿ ಕಹಿ ಆಗೈತಿ ನಮ್ಮವ್ವ, ಗಂಜಿ ಏನ ಮಾಡೀತು?” ಅಕ್ಕನ ದನಿ ಮೆತ್ತಗಿತ್ತು. “ಇದು ಗುಬ್ಬೀದು. ಇದು ಕಾಗೀದು. ಬಾಯಿ ತಗೀ. ಇದು ಕೊಕ್ಕರೀದು.”

ನಾನು ಹಿತ್ತಲಲ್ಲಿ ಕೇಳುತ್ತ ನಗುತ್ತಿದ್ದೆ. ಕೊಕ್ಕರೆಯ ಹೆಸರಿನಲ್ಲಿ ತುತ್ತು ಎಣಿಸುತ್ತಿದ್ದಾಳಲ್ಲ ಎಂದು. ನನಗೂ ಆ ಚಮಚಕ್ಕೂ ನಡುವೆ ಒಂದು ತಗಡು, ಅಷ್ಟೇ.

ಕೆಲವು ನಿಮಿಷ ಕಳೆದಿರಬೇಕು. ತಂಗಿ ವಾಂತಿ ಮಾಡುವ ಸದ್ದು ಬಂತು. ಒಮ್ಮೆ ಅಲ್ಲ, ಬಿಡದೆ. ನಾನು ಒಳಗೆ ಹೋದಾಗ ಅಕ್ಕ ಅವಳ ಹಣೆ ಹಿಡಿದುಕೊಂಡಿದ್ದಳು. ಒಲೆಯ ಪಕ್ಕದ ಪಾತೇಲಿ ತೆರೆದಿತ್ತು, ಅದರಲ್ಲಿ ಬೆಲ್ಲದ ಗೆರೆ. ನಾನು ಮೂಲೆಯ ಹಲಗೆಯ ಕಡೆ ನೋಡಿದೆ. ನನ್ನ ಕಣ್ಣು ಹೋದ ಕಡೆಗೆ ಅಕ್ಕನ ಕಣ್ಣೂ ಹೋಯಿತು. ಅವಳು ಎದ್ದು ಆ ತಾಟು ತೆಗೆದಳು. ಗಂಜಿ ಹಾಗೆಯೇ ಇತ್ತು.

“ನಾ ಏನ ಕುಡಿಸಿದ್ನೋ?” ಎಂದಳು ಅಕ್ಕ.

“ಅಂಟು,” ಎಂದೆ. ಅಷ್ಟೇ ಎಂದೆ.

ಚಾಚಿ ಓಡಿಬಂದರು. “ಮೈದಾ ಅಲ್ಲೇನ? ನಾನ ಕೊಟ್ಟಿದ್ದು. ಮಂದಿ ಅದನ್ನ ತಿಂದ ಬದಕತಾರ. ಹೆದರಬ್ಯಾಡ ಬೇಟಿ, ಬಿಸಿನೀರ ಕುಡಸು,” ಎಂದು ಅಕ್ಕನ ಬೆನ್ನು ತಡವಿದರು. ತಂಗಿಯನ್ನು ಎತ್ತಿಕೊಂಡು ಗಾಳಿಗೆಂದು ಬಾಗಿಲಿಗೆ ಬಂದರು. ಅಲ್ಲಿ ಹಗಲಿನ ಬೆಳಕಿತ್ತು. ತಂಗಿಯ ಗಲ್ಲದ ಮೇಲೆ, ಚಾಚಿಯ ಬಿಳಿ ಓಢಣಿಯ ಮೇಲೆ ಬಿದ್ದದ್ದೆಲ್ಲ ನೀಲಿ ಬೆರೆತ ಹಸಿರು. ನಾನು ನೋಡಿದೆ. ಅದು ಎಲ್ಲಿಂದ ಬಂತು ಎಂದು ಭೂಮಿಯ ಮೇಲೆ ಗೊತ್ತಿದ್ದವನು ನಾನೊಬ್ಬನೇ.

ಚಾಚಾ ಬಂದರು. “ಪಿತ್ತಾ ಕೆರಳೈತಿ,” ಎಂದರು. “ಆದ್ರೂ ಸಣ್ಣ ಕೂಸು. ದವಾಖಾನಿಗೆ ತೋರಿಸಿ ಬಿಡೂಣು. ಹತ್ರಿ ಗಾಡಿ.”

ಟೆಂಪೊದಲ್ಲಿ ಅಕ್ಕ ತಂಗಿಯನ್ನು ಮಡಿಲಲ್ಲಿ ಹಿಡಿದು ಕೂತಳು. ನಾನು ಹಿಂದೆ, ಖಾಲಿ ಚೀಲಗಳ ಮೇಲೆ. ಹೇಳಿದರೆ ಕದ್ದದ್ದನ್ನೂ ಹೇಳಬೇಕಾಗುತ್ತದೆ. ಅಪ್ಪನಿಗೆ ತಿಳಿಯುತ್ತದೆ. ಹೇಳದಿದ್ದರೆ, ಚಾಚಿ ಹೇಳಿದಂತೆ ಬರೀ ಮೈದಾ ಆಗಿಬಿಡಬಹುದು. ಇಂಥ ಮಾತುಗಳನ್ನು ಮನಸ್ಸು ಎಷ್ಟು ಬೇಗ ಹೊಲಿಯುತ್ತದೆ ಎಂದರೆ ನನಗೆ ಈಗಲೂ ಭಯವಾಗುತ್ತದೆ. ಗೋದಾಮಿನ ಗೇಟಿನ ಮುಂದೆ ಪಾಳಿ ಬಿಟ್ಟ ಗುಂಪಿನಲ್ಲಿ ಅಪ್ಪ ನಿಂತಿದ್ದ. ಚಾಚಾ ಹಾರ್ನು ಹೊಡೆದು ಹತ್ತಿಸಿಕೊಂಡರು. ಅಪ್ಪನ ಅಂಗಿಯೊಳಗೆ ಅವತ್ತಿನ ಕಾಗದದ ಕಟ್ಟು ಇತ್ತು.

“ಏನ ತಿಂದಾಳ?” ಎಂದು ಅಪ್ಪ ಕೇಳಿದ.

“ಅಂಟು, ಅಪ್ಪಾ. ನಾ ಗಂಜಿ ಅಂತ ತಿಳದ್ನಿ,” ಎಂದಳು ಅಕ್ಕ. ಅವಳಿಗೆ ಅಳು ಕೂಡ ಬರುತ್ತಿರಲಿಲ್ಲ. ಅಪ್ಪ ಅವಳ ತಲೆಯ ಮೇಲೆ ಕೈ ಇಟ್ಟ, ತೆಗೆಯಲಿಲ್ಲ. ತಪ್ಪೆಲ್ಲ ಅವಳದೇ ಎಂದು ಅವಳು ತಿಳಿದಿದ್ದಳು. ನಾನು ಹಾಗೆ ತಿಳಿಯಲು ಬಿಟ್ಟಿದ್ದೆ.

ಆರೋಗ್ಯ ಕೇಂದ್ರದಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ತಂಗಿಯ ಕಣ್ಣಿಗೆ ಬ್ಯಾಟರಿ ಬಿಟ್ಟು, ಹೊಟ್ಟೆ ಒತ್ತಿ ನೋಡಿದರು. ಅಪ್ಪನಿಗೆ ಬರುತ್ತಿದ್ದಷ್ಟೇ ಹಿಂದಿಯಲ್ಲಿ ಮಾತಾಡಿದರು. “ಆಟಾ ಹೀ ಥಾ ನಾ? ಔರ್ ಕುಛ್ ನಹೀ?” ಹಿಟ್ಟೇ ತಾನೇ, ಬೇರೇನೂ ಇಲ್ಲವಲ್ಲ?

“ನಹೀ ಮೇಮಸಾಬ. ಸಿರ್ಫ್ ಮೈದಾ,” ಎಂದ ಅಪ್ಪ.

ಡಾಕ್ಟರಮ್ಮ ಚೀಟಿ ಬರೆಯಲು ಪೆನ್ನು ಎತ್ತಿದರು. ಉಪ್ಪು ಸಕ್ಕರೆ ನೀರು ಕುಡಿಸಿ, ನಾಳೆ ಕರೆತನ್ನಿ ಎಂದರು. ಅಪ್ಪ ಕೈ ಮುಗಿದ. ಅಕ್ಕ ತಂಗಿಯನ್ನು ಎತ್ತಿಕೊಳ್ಳಲು ಬಗ್ಗಿದಳು. ತಂಗಿಯ ಕೈ ಅಕ್ಕನ ಕುತ್ತಿಗೆಗೆ ಬರಲಿಲ್ಲ. ಯಾವಾಗಲೂ ತಾನಾಗಿ ಬಂದು ಜೋತುಬೀಳುತ್ತಿದ್ದ ಕೈ ಆ ಹೊತ್ತು ಸುಮ್ಮನೆ ಕೆಳಗೆ ಬಿತ್ತು, ಮಳೆಯಲ್ಲಿ ರೆಕ್ಕೆ ಇಳಿದಂತೆ.

“ಅಪ್ಪಾ, ಅದರಾಗ ಮೈಲುತುತ್ತ ಐತಿ,” ಎಂದೆ.

ಅಪ್ಪ ತಿರುಗಿದ. “ಏನಂದಿ?”

“ಮೈಲುತುತ್ತ. ಜಿರಲಿ ತಿನ್ನಬಾರದಂತ ನಾನ ಹಾಕೇನಿ. ಮಖರದ ಅಜ್ಜನ ಡಬ್ಬ್ಯಾಗಿಂದು ತಗೊಂಡಿದ್ನಿ. ಅವ್ರಿಗೂ ಗೊತ್ತಿಲ್ಲ.”

ಅಪ್ಪ ಊರಿನಲ್ಲಿದ್ದಾಗ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿದವನು. ಬಳ್ಳಿಗೆ ಹೊಡೆಯುವ ಆ ನೀಲಿ ಮದ್ದು ಏನೆಂದು ಅವನಿಗೆ ಗೊತ್ತಿತ್ತು. ಅವನ ಮುಖ ಒಂದು ಕ್ಷಣ ಯಾರದೋ ಮುಖವಾಯಿತು. ಆದರೂ ಅವನು ನನ್ನನ್ನು ಹೊಡೆಯಲಿಲ್ಲ. ಡಾಕ್ಟರಮ್ಮನಿಗೆ ಆ ಹೆಸರು ಹಿಂದಿಯಲ್ಲಿ ಹೇಳಲು ತಡವರಿಸಿದ. ಚಾಚಾ ಮುಂದೆ ಬಂದು, “ಮೋರಚೂದ, ಮೇಮಸಾಬ,” ಎಂದರು.

ಪೆನ್ನು ನಿಂತಿತು. “ಕಿತನಾ?” ಎಂದು ಡಾಕ್ಟರಮ್ಮ ನನ್ನನ್ನೇ ಕೇಳಿದರು.

ನಾನು ಹೆಬ್ಬೆರಳು ಎತ್ತಿ, ಅದರ ಮೇಲಿನ ಗೆಣ್ಣನ್ನು ಇನ್ನೊಂದು ಕೈಯಿಂದ ಹಿಡಿದು ತೋರಿಸಿದೆ. ಇಡೀ ಪಾತೇಲಿಗೆ ಅಷ್ಟು. ಎಷ್ಟು ಚಮಚ ಎಂದಾಗ ಅಕ್ಕ ಬೆರಳು ಮಡಚಿ ಎಣಿಸಿದಳು. ಗುಬ್ಬಿಯದು, ಕಾಗೆಯದು, ಕೊಕ್ಕರೆಯದು, ಅವ್ವನದು, ಅಪ್ಪನದು. ಐದು.

ಆಮೇಲೆ ಎಲ್ಲವೂ ಬೇಗಬೇಗ ನಡೆಯಿತು. ಚೀಟಿ ಹರಿದರು. ಕೋಣೆಯ ಪರದೆ ಎಳೆದರು. ರಬ್ಬರಿನ ನಳಿಗೆ, ಬಕೀಟು, ಹೊಟ್ಟೆ ತೊಳೆಯುವ ಸದ್ದು, ತಂಗಿಯ ಉಸಿರುಗಟ್ಟಿದ ಅಳು. ಅಕ್ಕ ಪರದೆಯ ಅಂಚನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ನಿಂತಿದ್ದಳು. ತಂಗಿಯ ಕೈಗೆ ಸೂಜಿ ಚುಚ್ಚಿ ಬಾಟಲಿ ಹಚ್ಚಿ, ದೊಡ್ಡ ಆಸ್ಪತ್ರೆಗೆ ಕಳಿಸಲು ಗಾಡಿ ತರಿಸಿದರು. ಗಾಡಿ ಹತ್ತಿಸುವಾಗ ಡಾಕ್ಟರಮ್ಮ ನನ್ನ ಭುಜದ ಮೇಲೆ ಕೈ ಇಟ್ಟು, “ಅಚ್ಛಾ ಹುವಾ ಬೋಲಾ,” ಎಂದರು. ಹೇಳಿದ್ದು ಒಳ್ಳೆಯದಾಯಿತು. ಆಮೇಲೆ, “ಪಹಲೇ ಬೋಲನಾ ಥಾ,” ಎಂದರು. ಮೊದಲೇ ಹೇಳಬೇಕಿತ್ತು. ಇವತ್ತಿಗೂ ಈ ಎರಡು ಮಾತುಗಳಲ್ಲಿ ಒಂದು ನೆನಪಾದರೆ ಇನ್ನೊಂದು ಬಿಡದೆ ಹಿಂದೆಯೇ ಬರುತ್ತದೆ.

ಅವ್ವ ದೊಡ್ಡ ಆಸ್ಪತ್ರೆಗೆ ಬಂದಾಗ ಅವಳ ಪಾದಗಳ ಮೇಲೆ ಸಿಮೆಂಟು ಒಣಗಿ ಬಿಳಿಯಾಗಿತ್ತು. ಅದನ್ನು ತೊಳೆದುಕೊಳ್ಳುವುದು ಅವಳಿಗೆ ಎರಡು ದಿನ ನೆನಪಾಗಲಿಲ್ಲ. ವಿಷ ಹೊಟ್ಟೆಯಿಂದ ಹೋದರೂ ರಕ್ತಕ್ಕೆ ಎಷ್ಟು ಸೇರಿದೆಯೋ ತಿಳಿಯದು, ಮೂತ್ರದ ಬಣ್ಣ ನೋಡುತ್ತಿರಬೇಕು ಎಂದು ಅಲ್ಲಿ ಹೇಳಿದರು. ಮಂಚದ ಪಕ್ಕ ಒಂದು ಗಾಜಿನ ಸೀಸೆ ಇಟ್ಟರು. ನರ್ಸಮ್ಮ ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಾಗಲೆಲ್ಲ ನಾವು ನಾಲ್ಕೂ ಜನ ಆ ಕಡೆ ತಿರುಗುತ್ತಿದ್ದೆವು. ಎರಡನೆಯ ದಿನ ಅದು ಕಪ್ಪು ಚಹಾದ ಬಣ್ಣಕ್ಕೆ ಬಂತು. ತಂಗಿಯ ಕಣ್ಣಿನ ಬಿಳಿ ಹಳದಿಯಾಯಿತು. ಮೂರನೆಯ ದಿನವೂ ಅದೇ ಬಣ್ಣ. ನಾಲ್ಕನೆಯ ದಿನ ಬೆಳಿಗ್ಗೆ ನರ್ಸಮ್ಮ ಸೀಸೆಯನ್ನು ಎತ್ತಿ ಹಿಡಿದು, ಅವ್ವನ ಕಡೆ ಚಾಚಿದರು. ಅದರೊಳಗಿಂದ ಕಿಟಕಿಯ ಆಚೆಯ ತೆಂಗಿನ ಮರ ಕಾಣುತ್ತಿತ್ತು. ಅವ್ವ ಆಗ ಕುಸಿದು ಕೂತು ಅತ್ತಳು. ಅಪ್ಪ ಹೊರಗೆ ಹೋಗಿ ನಳದ ಕೆಳಗೆ ತಲೆ ಒಡ್ಡಿ ನಿಂತ.

ಹನ್ನೊಂದು ದಿನದ ಮೇಲೆ ತಂಗಿಯನ್ನು ಮನೆಗೆ ಕರೆತಂದೆವು. ಸರಸ್ವತಿ ಪೂಜೆ ಎಂದೋ ಮುಗಿದಿತ್ತು. ಹಿತ್ತಲ ತಗಡಿನಿಂದ ನಾನು ಮೆತ್ತಿದ ಹಾಳೆಗಳು ಒಣಗಿ ಕೆಳಗೆ ಬಿದ್ದಿದ್ದವು, ಗರಿಗರಿಯಾಗಿ, ಒಂದನ್ನೂ ಹುಳ ಮುಟ್ಟದೆ. ಅಪ್ಪ ಅವನ್ನೆಲ್ಲ ಒಂದು ಕೋಲಿನಿಂದ ಒಟ್ಟುಮಾಡಿ, ಮನೆಯಿಂದ ದೂರ ಒಯ್ದು, ನಮ್ಮನ್ನು ಹಿಂದಕ್ಕೆ ನಿಲ್ಲಿಸಿ ಬೆಂಕಿ ಹಚ್ಚಿದ. ಉರಿ ಹಸಿರಾಗಿ ಎದ್ದಿತು. ಅಂಥ ಉರಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಂಟಿನ ಪಾತೇಲಿಯನ್ನು ಅಪ್ಪ ಕಲ್ಲಿನಿಂದ ಜಜ್ಜಿ, ಯಾರೂ ಬಳಸದಂತೆ ಮಾಡಿ ಹೂತುಹಾಕಿದ. ಆಮೇಲೆ ನನ್ನನ್ನು ಮಖರದ ಅಜ್ಜನ ಬಳಿ ಕರೆದುಕೊಂಡು ಹೋಗಿ, ಕದ್ದದ್ದನ್ನು ನನ್ನ ಬಾಯಿಂದಲೇ ಹೇಳಿಸಿದ. ಅಜ್ಜ ಡಬ್ಬಿಯನ್ನು ಎತ್ತಿ ಜಂತಿಗೆ ಕಟ್ಟಿದರು.

ಮುಂದೆ ನಾನು ಕಾಲೇಜಿಗೆ ಹೋದೆ. ಪ್ರಯೋಗಶಾಲೆಯ ಕಪಾಟಿನಲ್ಲಿ ಅದೇ ನೀಲಿ ಹರಳು ಸೀಸೆಯಲ್ಲಿತ್ತು, ಮೇಲೆ ಹೆಸರಿನ ಚೀಟಿ, ಚೀಟಿಯ ಮೇಲೆ ತಲೆಬುರುಡೆಯ ಚಿತ್ರ. ಅದನ್ನು ಕೈಗೆ ತೆಗೆದುಕೊಳ್ಳಲು ನನಗೆ ಆಗಲಿಲ್ಲ. ಜೊತೆಯವರು ಪ್ರಯೋಗ ಮಾಡುವಾಗ ನಾನು ಆ ಚೀಟಿಯನ್ನೇ ನೋಡುತ್ತಿದ್ದೆ. ಇಷ್ಟು ಸಣ್ಣ ಚೀಟಿ. ಒಂದು ಇದ್ದಲಿನ ಗೆರೆಯಾದರೂ ಆ ಪಾತೇಲಿಯ ಮೇಲೆ ಎಳೆದಿದ್ದರೆ.

ಈಗ ನಿಮ್ಮ ಕಾಲ. ನಿಮಗೆ ಚೌಕಾಕಾರದ ಬಣ್ಣದ ಕಾಗದದ ಕಟ್ಟು ಅಂಗಡಿಯಲ್ಲಿ ಸಿಗುತ್ತದೆ. ಎಂಥ ಮಳೆಯಲ್ಲೂ ಅದು ಜೋತುಬೀಳುವುದಿಲ್ಲ. ನಿಮ್ಮ ಅಂಟು ತಿರುಗಿಸಿದರೆ ಮೇಲೆ ಬರುವ ಕಡ್ಡಿಯಲ್ಲಿದೆ, ಏನೇನು ಸೇರಿದೆ ಎಂದು ಅದರ ಮೈಮೇಲೆ ಬರೆದಿದೆ. ಹೋದ ತಿಂಗಳು ನೀವು ಫೋನಿನಲ್ಲಿ ನೋಡಿ, ಕಾಗದ ಗಟ್ಟಿ ಮಾಡುವ ಯಾವುದೋ ಪುಡಿ ತರಿಸಿ, ಅಡುಗೆಮನೆಯ ಸ್ಟೀಲಿನ ಬಟ್ಟಲಲ್ಲಿ ಕಲಸಲು ಹೊರಟಾಗ ನಾನು ಕೂಗಿದೆ. ಬಟ್ಟಲನ್ನು ಕೈಯಿಂದ ಕಿತ್ತುಕೊಂಡೆ. ನೀವು ಹೆದರಿ ಅತ್ತಿರಿ. ಆ ಪುಡಿ ವಿಷವಲ್ಲ ಎಂದು ಆಮೇಲೆ ನಾನೇ ಓದಿ ನೋಡಿದೆ. ನಿಮ್ಮ ಮೇಲೆ ಕೂಗಿದ್ದಲ್ಲ ಅದು. ಹಿತ್ತಲಲ್ಲಿ ನಗುತ್ತ ನಿಂತಿದ್ದ ಒಬ್ಬ ಹುಡುಗನ ಮೇಲೆ ಕೂಗಿದ್ದು. ಅವನಿಗೆ ಅದು ಕೇಳಿಸುವುದಿಲ್ಲ. ಮಾರನೆಯ ದಿನ ನಿಮಗೊಂದು ಬೇರೆ ಡಬ್ಬಿ ತಂದು, ಕೆಂಪು ಬಣ್ಣದಲ್ಲಿ ‘ಅಂಟು’ ಎಂದು ಬರೆದುಕೊಟ್ಟೆನಲ್ಲ, ಅದು ಯಾಕೆಂದು ಈಗ ತಿಳಿಯಿತೇ? ನಿಮ್ಮ ಸಣ್ಣಜ್ಜಿ, ಅಂದರೆ ಆ ನನ್ನ ತಂಗಿ, ಅದನ್ನು ನೋಡಿ, “ನನ್ನ ಹೊಟ್ಟಿ ಗಟ್ಟಿ ಇತ್ತೋ, ಇವನ ಧೈರ್ಯನ ಪೊಳ್ಳು,” ಎಂದು ನಕ್ಕಳು. ಅವಳು ನಗಬಹುದು. ಆ ಸೀಸೆಯನ್ನು ಕಿಟಕಿಗೆ ಹಿಡಿದದ್ದನ್ನು ಅವಳು ನೋಡಿರಲಿಲ್ಲ.

ಒಂದು ಮಾತು ಉಳಿದಿದೆ. ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕ ತಂಗಿಗೆ ಒಂದು ತುತ್ತೂ ಉಣಿಸಲಿಲ್ಲ. ಅವ್ವ ಕರೆದರೆ, “ನನ್ನ ಕೈಲೆ ಬ್ಯಾಡ,” ಎಂದು ಹೊರಗೆ ಹೋಗುತ್ತಿದ್ದಳು. ರಾತ್ರಿ ತಂಗಿಯ ಹೊಟ್ಟೆಯ ಮೇಲೆ ಕೈ ಇಟ್ಟು, ಅದು ಏರಿಳಿಯುವುದನ್ನು ನೋಡುತ್ತ ಎಚ್ಚರವಾಗಿರುತ್ತಿದ್ದಳು. ನಾನು ಈ ಕಡೆಯಿಂದ ಉಸಿರು ಕೇಳುತ್ತಿದ್ದೆ. ಅಪ್ಪ ಅವ್ವ ಸರದಿಯಲ್ಲಿ ಎದ್ದು ಕೂರುತ್ತಿದ್ದರು. ಹೀಗೆ ವಾರಗಳೇ ಹೋದವು. ಮಳೆಗಾಲ ಮುಗಿದು, ತಾಡಪತ್ರಿ ಬಿಚ್ಚಿ ಮಡಚಿಟ್ಟು, ಮೇಲೆ ತೆಂಗಿನ ಗರಿ ಹೊದಿಸಿದ ದಿನ ಮನೆಯೊಳಗೆ ಮೊದಲ ಸಲ ಗಂಜಿ ಗಂಜಿಯ ಬಣ್ಣದಲ್ಲೇ ಕಂಡಿತು. ತಂಗಿ ತನ್ನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲುತ್ತ, ಅಕ್ಕ ಕೂತಲ್ಲಿಗೆ ನಡೆದಳು.

“ನೀನ ಕುಡಸು,” ಎಂದಳು. “ಗುಬ್ಬೀದು ಅನ್ನು.”

ಅಕ್ಕ ಬಹಳ ಹೊತ್ತು ಬಟ್ಟಲನ್ನೇ ನೋಡಿದಳು. ಮೊದಲ ಚಮಚವನ್ನು ತಾನೇ ಕುಡಿದಳು. ಎರಡನೆಯದನ್ನು ನನ್ನ ಬಾಯಿಗೆ ಹಿಡಿದಳು. ನಾನು ಕುಡಿದೆ. ಮೂರನೆಯದು ಗುಬ್ಬಿಯದು.

ಆ ರಾತ್ರಿ ನಾವು ಮೂವರೂ ಒಂದೇ ಕೌದಿಯಲ್ಲಿ ಮಲಗಿದೆವು. ಬೆಳಗಿನ ಭೋಂಗಾ ಯಾವಾಗ ಕೂಗಿತೋ, ನಮಗೆ ಯಾರಿಗೂ ಕೇಳಿಸಲಿಲ್ಲ.